ಕಡ್ಡಿ ಗುಡ್ಡವಾದದ್ದು

"ಚಾಪ್‌ಸ್ಟಿಕ್ಕಾ? ಅದೇನ್ ಮಹಾ ಸಾರ್, ಬರುತ್ತೆ" ಎಂದು ನಾನು ಮ್ಯಾನೇಜರಿಗೆ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅತ್ತಿಬೆಲೆ ಸರ್ಕಲ್ಲಿನ ಗೋಬಿ ಗಾಡಿಯಲ್ಲಿ ಪ್ಲೇಟಿನ ಜೊತೆ ಒಂದು ಟೂತ್‌ಪಿಕ್ ಕೊಡುತ್ತಾರೆ. ಒಂಟಿ ಕಡ್ಡಿಯಲ್ಲೇ ಇಷ್ಟು ವರ್ಷ ತಿಂದವನಿಗೆ ಎರಡು ಕೊಟ್ಟರೆ ಕೆಲಸ ಅರ್ಧಕ್ಕರ್ಧ ಇಳಿಯಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಆ ಒಂದು ಮಾತಿಗೆ, ಆಡಿಟ್ಟಿಗೆ ಜಪಾನಿನಿಂದ ಬರುವ ಹಿರಿಯರ ಪಕ್ಕ ಊಟಕ್ಕೆ ಕೂರುವ ಭಾಗ್ಯ ಸ್ಟೋರ್ಸ್‌ನವನಾದ ನನಗೆ ಒದಗಿತು.

ಮನೆಯಲ್ಲಿ ಹೊಸ ಪೊರಕೆಯಿಂದ ಎರಡು ಕಡ್ಡಿ ಕಿತ್ತು ಕಡ್ಲೆಬೀಜ ಎತ್ತಲು ಕೂತೆ. ಹೆಂಡತಿ ಕಿತ್ತ ಪೊರಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಸಾಗದಿದ್ದಾಗ ಓದುವುದು ನನ್ನ ಹಳೇ ಚಟ. ಚೀನಾದ ಅನ್ಯಾಂಗ್ ಬಳಿ, ಶಾಂಗ್ ಅರಸರ ರಾಜಧಾನಿಯ ಅವಶೇಷದಲ್ಲಿ 3000 ವರ್ಷಕ್ಕೂ ಹಳೆಯ ಕಂಚಿನ ಕಡ್ಡಿಗಳು ಸಿಕ್ಕಿವೆಯಂತೆ. ಅವು ಉಣ್ಣಲಿಕ್ಕಲ್ಲ, ಒಲೆಯ ಮೇಲಿನ ಪಾತ್ರೆಯಲ್ಲಿ ತಿರುವಲಿಕ್ಕೆ, ಬೆಂದದ್ದನ್ನು ಎತ್ತಲಿಕ್ಕೆ ಎಂದು ಬಲ್ಲವರ ಊಹೆ. ಅಂದರೆ ನಮ್ಮಮ್ಮನ ಮುದ್ದೆ ಕೋಲಿನ ದಾಯಾದಿ! ಅವರ ಕೋಲು ಸಣ್ಣಗಾಗುತ್ತಾ ತಟ್ಟೆಗೆ ಬಂತು, ನಮ್ಮದು ದಪ್ಪಗೇ ಇದ್ದು ಒಲೆ ಬಿಡಲಿಲ್ಲ. ಬಿಟ್ಟಿದ್ದರೂ ಪ್ರಯೋಜನವಿರಲಿಲ್ಲ, ಬಿಸಿ ಮುದ್ದೆಯನ್ನು ಕಡ್ಡಿಯಲ್ಲಿ ಎತ್ತುವವನು ಇನ್ನೂ ಹುಟ್ಟಬೇಕು.

ಕೊನೆಯ ಶಾಂಗ್ ದೊರೆ ದಂತದ ಕಡ್ಡಿ ಮಾಡಿಸಿಕೊಂಡಾಗ ಜೀಜಿ ಎಂಬ ಹಿರಿಯನಿಗೆ ನಡುಕ ಹುಟ್ಟಿತಂತೆ. ದಂತದ ಕಡ್ಡಿಗೆ ಮಣ್ಣಿನ ಬಟ್ಟಲು ಒಪ್ಪುವುದಿಲ್ಲ, ಜೇಡ್ ಬಟ್ಟಲು ಬೇಕು. ಜೇಡ್ ಬಟ್ಟಲಿಗೆ ಕಾಳು ಸೊಪ್ಪಿನ ಸಾರು ಒಪ್ಪುವುದಿಲ್ಲ, ಆನೆ ಚಿರತೆಯ ಮಾಂಸವೇ ಬೇಕು. ಆಮೇಲೆ ರೇಷ್ಮೆ, ಅರಮನೆ, ಸರ್ವನಾಶ. ಇದನ್ನು ಹೆಂಡತಿಗೆ ಹೇಳಿದೆ. "ನೀವು ಮೊದಲು ಪೊರಕೆ ತನ್ನಿ" ಎಂದಳು.

ಹೋಟೆಲು ಹೊಸೂರಿನ ಕಡೆಗೆ. ಮೊದಲು ಬಂದದ್ದು ಅಣಬೆ. ಕಾಗದದ ಚೀಲದಿಂದ ಬಿದಿರ ಕಡ್ಡಿ ತೆಗೆದು, ಬುಡದಲ್ಲಿ ಅಂಟಿಕೊಂಡಿದ್ದ ಜೋಡಿಯನ್ನು ಟಕ್ಕನೆ ಸೀಳಿದೆ. ಅಲ್ಲಿಯವರೆಗೆ ನಾನು ನಿಷ್ಣಾತನೇ. ಅಣಬೆಯನ್ನು ಎಡದಿಂದ ಹಿಡಿದರೆ ಬಲಕ್ಕೆ ಸರಿಯಿತು. ಬಲದಿಂದ ಹೋದರೆ ಸಾಸಿನೊಳಗೆ ಮುಳುಗು ಹಾಕಿತು. ಒಮ್ಮೆ ನಿಜವಾಗಿಯೂ ಮೇಲೆದ್ದು ನನ್ನ ಮೂಗಿನ ಮಟ್ಟಕ್ಕೆ ಬಂತು. ಬಾಯಿ ತೆರೆದೆ. ಅಣಬೆ ಅಲ್ಲೇ ಒಂದು ಕ್ಷಣ ಯೋಚಿಸಿ, ಜಾರಿ, ಬಟ್ಟಲಿನ ಅಂಚಿಗೆ ಬಡಿದು, ಮೇಜಿನ ಮೇಲೆ ಉರುಳುತ್ತಾ ಆಡಿಟ್ ಫೈಲಿಗೆ ಒರಗಿ ನಿಂತಿತು. ಹಿರಿಯರು ಅದನ್ನು ತಮ್ಮ ಕಡ್ಡಿಗಳಲ್ಲಿ, ಬಿದ್ದ ಮಗುವನ್ನೆತ್ತುವ ಹಾಗೆ ಎತ್ತಿ ಪಕ್ಕದ ಸಾಸರಿನಲ್ಲಿಟ್ಟರು. ಎಚ್‌ಆರ್‌ನವನು ಎದುರಿಗೇ ಕೂತು, ಅಮ್ಮನ ಮನೆಯಲ್ಲಿ ಕಲಿತವನಂತೆ ನೂಡಲ್ಸ್ ಎಳೆಯುತ್ತಾ ನಕ್ಕ. ಆ ನಗುವನ್ನು ನಾನಿನ್ನೂ ಕ್ಷಮಿಸಿಲ್ಲ.

ಸಾಕಪ್ಪ ಎಂದು ಕಡ್ಡಿಗಳೆರಡನ್ನೂ ಫ್ರೈಡ್ ರೈಸಿನಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿ, ಚಮಚಕ್ಕೆ ಕೈ ಚಾಚಿದೆ. ಮೇಜು ತಣ್ಣಗಾಯಿತು. ಅನುವಾದಕ್ಕೆ ಬಂದಿದ್ದ ಹುಡುಗಿ ಕಿವಿಯಲ್ಲಿ ಹೇಳಿದಳು: ಅವರಲ್ಲಿ ಸತ್ತವರ ತಲೆದಿಂಬಿನ ಬಳಿ ಹಾಗೆ ಕಡ್ಡಿ ನೆಟ್ಟ ಅನ್ನದ ಬಟ್ಟಲು ಇಡುತ್ತಾರೆ ಸಾರ್.

ಅಪ್ಪ ನಡುಮನೆಯಲ್ಲಿ ಮಲಗಿದ್ದ ಬೆಳಗ್ಗೆ ನೆನಪಾಯಿತು. ತಲೆದೆಸೆಯಲ್ಲಿ ದೀಪ, ಪಾವು ತುಂಬ ಅಕ್ಕಿ, ಅಕ್ಕಿಯಲ್ಲಿ ನೆಟ್ಟ ಊದುಬತ್ತಿ. ಅದು ಉರಿದು ಮುಗಿದ ಹಾಗೆಲ್ಲ ಇನ್ನೊಂದನ್ನು ಹಚ್ಚುವುದಷ್ಟೇ ಅವತ್ತು ನನ್ನ ಕೆಲಸವಾಗಿತ್ತು. "ನಮ್ಮಲ್ಲೂ ಹಾಗೇ" ಎಂದೆ. ಹುಡುಗಿ ಅದನ್ನು ಜಪಾನಿ ಭಾಷೆಗೆ ದಾಟಿಸಿದಳು. ಹಿರಿಯರು ತಲೆಯಾಡಿಸಿ, ನನ್ನ ಕಡ್ಡಿಗಳನ್ನು ಅನ್ನದಿಂದ ಮೆಲ್ಲಗೆ ಕಿತ್ತು, ತಟ್ಟೆಯ ಅಂಚಿಗೆ ಅಡ್ಡ ಮಲಗಿಸಿದರು. ಆಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ.

ಆಡಿಟ್ ಪಾಸಾಯಿತು. ಮರುದಿನ ಎಲ್ಲರಿಗೂ ಊಟದ ಶಿಸ್ತಿನ ಟ್ರೇನಿಂಗ್ ಕಡ್ಡಾಯವೆಂದು ಎಚ್‌ಆರ್‌ನಿಂದ ಮೇಲ್ ಬಂತು. ಹೆಸರು ಹಾಕಿರಲಿಲ್ಲ, ಅಣಬೆಯ ಚಿತ್ರ ಹಾಕಿತ್ತು.

ಹೋಟೆಲಿನ ಕಡ್ಡಿಗಳನ್ನು ನಾನು ಜೇಬಿಗಿಳಿಸಿದ್ದು ಯಾರೂ ನೋಡಲಿಲ್ಲ. ಭಾನುವಾರ ನೋಡುತ್ತೇನೆ, ಅಮ್ಮ ಅವನ್ನೇ ಹಿಡಿದು ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಮಗುಚುತ್ತಿದ್ದಾಳೆ. ಯಾರೂ ಕಲಿಸಿಲ್ಲ. ಎರಡು ಕಡ್ಡಿಯ ನಡುವೆ ಬಜ್ಜಿ ಸಿಕ್ಕಿಸಿ, ಎಣ್ಣೆ ಒದರಿ, ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದಾಳೆ, ಅನ್ಯಾಂಗಿನ ಅಡುಗೆಮನೆಯಿಂದ ಈಗಷ್ಟೇ ಎದ್ದು ಬಂದವಳ ಹಾಗೆ.

"ಗಿಡ್ಡ ಆಯ್ತು ಕಣೋ, ಕೈಗೆ ಎಣ್ಣೆ ಸಿಡಿಯುತ್ತೆ" ಎಂದಳು. "ಇನ್ನೊಂದು ಗೇಣು ಉದ್ದ ಇರೋದು ಸಿಗಲ್ವಾ ನಿಮ್ಮ ಆಫೀಸಲ್ಲಿ?"

ಹೆಂಡತಿ ಪೊರಕೆಯನ್ನು ಎತ್ತಿ ಬೀರುವಿನ ಹಿಂದಕ್ಕೆ ಸರಿಸಿದಳು.