ಚುಕ್ಕೆ ಪ್ರಶ್ನೆಗಳ ಲಕ್ಷಣಶಾಸ್ತ್ರ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ವ್ಯಾಕರಣಕ್ಕೆ ಕೇಶಿರಾಜನಿದ್ದಾನೆ, ಛಂದಸ್ಸಿಗೆ ನಾಗವರ್ಮನಿದ್ದಾನೆ, ಅಡುಗೆಗೆ ಸೂಪಶಾಸ್ತ್ರ ಬರೆದ ಮಂಗರಸನಿದ್ದಾನೆ. ಕುದುರೆಗೆ ಕಾಯಿಲೆ ಬಂದರೂ ತೆಗೆದು ನೋಡಲು ಗ್ರಂಥವುಂಟು. ಆದರೆ ಪ್ರತಿ ಅಧಿವೇಶನದಲ್ಲೂ ವಿಧಾನಸೌಧದಲ್ಲಿ, ಚಳಿಗಾಲ ಬಂತೆಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ರಾಶಿ ರಾಶಿಯಾಗಿ ಹುಟ್ಟುವ ಎರಡು ಕಾಲಂಗಳ ಗದ್ಯವೊಂದಿದೆ. ಶಾಸಕರ ಲಿಖಿತ ಪ್ರಶ್ನೆ ಮತ್ತು ಇಲಾಖೆಗಳ ಲಿಖಿತ ಉತ್ತರ. ಅದಕ್ಕೆ ಇಂದಿಗೂ ಒಂದು ಲಕ್ಷಣಗ್ರಂಥವಿಲ್ಲ. ಈ ಕೊರತೆ ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲವಾದ್ದರಿಂದ ಈ ಲೇಖಕನೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಬಂದಿದೆ.

ಮೊದಲು ರೂಪಲಕ್ಷಣ. ಹಾಳೆಯ ತಲೆಯಲ್ಲಿ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ. ಎಡಕ್ಕೆ ಪ್ರಶ್ನೆ, ಅ, ಆ, ಇ, ಈ ಎಂದು ತುಂಡು ತುಂಡಾಗಿ. ಬಲಕ್ಕೆ ಅದರದರ ಎದುರಿಗೆ ಉತ್ತರ. ಎಡಗಡೆಯ ಕಟ್ಟಕಡೆಗೆ ಆವರಣದೊಳಗೆ ‘ಸಂಪೂರ್ಣ ವಿವರ ನೀಡುವುದು’ ಎಂಬ ಪಲ್ಲವಿ. ಅನುಭವಿಗಳು ಓದದೆಯೇ, ಬರೀ ಕಣ್ಣಳತೆಯಲ್ಲೇ ಹಾಳೆಯ ಜಾತಕ ಹೇಳಬಲ್ಲರು. ಎಡ ಕಾಲಂ ಉದ್ದವಾಗಿದ್ದು ಬಲದಲ್ಲಿ ಒಂದೊಂದೇ ಪದವಿದ್ದರೆ ಪ್ರಶ್ನೆ ಎಲ್ಲೋ ತಾಗಿದೆ. ಎಡದಲ್ಲಿ ಒಂದೇ ಸಾಲಿದ್ದು ಬಲದಲ್ಲಿ ಎರಡು ಪುಟ ಯೋಜನೆಗಳ ಪಟ್ಟಿಯಿದ್ದರೆ ಕೇಳಿದವರು ಆಡಳಿತ ಪಕ್ಷದವರು.

ಚುಕ್ಕೆಯ ವಿಚಾರ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿ ಬಿಡಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಕಾಗದದ ಉತ್ತರ ಸಾಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆಯವು, 230 ಚುಕ್ಕೆಯಿಲ್ಲದವು. ನಮ್ಮ ವಿಧಾನಸಭೆಯಲ್ಲಿ ಎದ್ದು ನಿಂತ ಸಚಿವರು ಸಾಮಾನ್ಯವಾಗಿ ಹೇಳುವುದು ‘ಮಾನ್ಯ ಸಭಾಧ್ಯಕ್ಷರೇ, ಉತ್ತರವನ್ನು ಒದಗಿಸಿದೆ’ ಎಂದು. ವಿಧಾನ ಪರಿಷತ್ತಿನಲ್ಲಾದರೆ ಸಭಾಧ್ಯಕ್ಷರ ಬದಲು ಸಭಾಪತಿ, ಉಳಿದದ್ದೆಲ್ಲ ಯಥಾಪ್ರಕಾರ.

ಉತ್ಪತ್ತಿ ಪ್ರಕರಣವನ್ನು ಚುಟುಕಾಗಿ ಮುಗಿಸುತ್ತೇನೆ. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದ 144 ಮಂದಿಗೆ ಅಹವಾಲು ಹೇಳಿಕೊಳ್ಳಲು ಅವಕಾಶವಿತ್ತು. ಮತ ಹಾಕಿ ಸರ್ಕಾರದ ಕೈ ಹಿಡಿದು ನಿಲ್ಲಿಸುವ ಅಧಿಕಾರವಿರಲಿಲ್ಲ. ಬ್ರಿಟಿಷ್ ಇಂಡಿಯಾದ ಶಾಸನ ಸಭೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರ ಕಾಯ್ದೆಯಿಂದ. ಕೇಳಬಹುದು, ಆದರೆ ಉತ್ತರ ಕೇಳಿಸಿಕೊಂಡು ಸುಮ್ಮನೆ ಕೂರಬೇಕು. ಉಪಪ್ರಶ್ನೆ ಕೇಳಲು 1909ರ ತನಕ ಕಾಯಬೇಕಾಯಿತು. ಹದಿನೇಳು ವರ್ಷ ಸರ್ಕಾರಗಳು ಎಷ್ಟು ಸುಖವಾಗಿದ್ದಿರಬೇಕು!

ನಿಯಮಗಳ ಪ್ರಕಾರ ಪ್ರಶ್ನೆಯಲ್ಲಿ ವಾದವಿರಬಾರದು, ಊಹೆಯಿರಬಾರದು, ವ್ಯಂಗ್ಯವಿರಬಾರದು, ಯಾರ ಮೇಲೂ ಆರೋಪವಿರಬಾರದು, ಅಭಿಪ್ರಾಯ ಕೇಳಬಾರದು, ಕಾಲ್ಪನಿಕ ಸಂದರ್ಭ ಒಡ್ಡಬಾರದು. ವ್ಯಾಖ್ಯಾನಕಾರರು ಗಮನಿಸತಕ್ಕದ್ದು: ಈ ನಿಷೇಧಗಳೆಲ್ಲ ಎಡ ಕಾಲಂಗೆ ಮಾತ್ರ. ಬಲ ಕಾಲಂನಲ್ಲಿ ಕಾಲ್ಪನಿಕ ಸಂದರ್ಭಕ್ಕೆ ಅಡ್ಡಿಯಿಲ್ಲ.

ಇನ್ನು ಪ್ರಶ್ನಭೇದ.

ಸಂಖ್ಯೆಯಲ್ಲಿ ದೊಡ್ಡದು ‘ಸ್ವಕ್ಷೇತ್ರ’ ಎಂಬ ಭೇದ. ನಮ್ಮ ತಾಲ್ಲೂಕಿನ ಇಂಥ ಹೋಬಳಿಯ ಸೇತುವೆ ಶಿಥಿಲಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಸೇತುವೆ ಶಿಥಿಲಗೊಂಡಿದೆಯೆಂದು ಕೇಳುವವರಿಗೆ ಗೊತ್ತು, ಉತ್ತರಿಸುವವರಿಗೆ ಗೊತ್ತು, ಅದರ ಮೇಲೆ ದಿನಾ ಓಡಾಡುವ ಎತ್ತುಗಳಿಗಂತೂ ಚೆನ್ನಾಗಿ ಗೊತ್ತು. ಪ್ರಶ್ನೆ ಇರುವುದು ಮರುದಿನ ಜಿಲ್ಲಾ ಪತ್ರಿಕೆಯಲ್ಲಿ ‘ಸದನದಲ್ಲಿ ಶಾಸಕರ ಪ್ರಸ್ತಾಪ’ ಎಂದು ಬರುವುದಕ್ಕೆ. ಇದನ್ನು ಹಗುರವಾಗಿ ಕಾಣಬಾರದು. ಸೇತುವೆಯ ಕಡತ ಮೇಜಿನ ಅಡಿಯಿಂದ ಮೇಜಿನ ಮೇಲೆ ಬರುವುದು ಇಂಥ ಪ್ರಶ್ನೆ ಬಿದ್ದ ವಾರದಲ್ಲೇ.

ಎರಡನೆಯದು ‘ಸ್ತುತಿ’. ಆಡಳಿತ ಪಕ್ಷದ ಸದಸ್ಯರು ತಮ್ಮದೇ ಸಚಿವರಿಗೆ ಕೇಳುವುದು. ಇದರಲ್ಲಿ ಅಧ್ಯಯನಕ್ಕೆ ಯೋಗ್ಯವಾದದ್ದೇನೂ ಇಲ್ಲ.

ಮೂರನೆಯದು ‘ಸಗರ್ಭ’. ಮೇಲ್ನೋಟಕ್ಕೆ ಲೋಕಹಿತ, ಒಳಗೆ ನೋಡಿದರೆ ಒಂದೇ ಟೆಂಡರ್, ಒಂದೇ ಏಜೆನ್ಸಿ, ಒಬ್ಬನೇ ಎಂಜಿನಿಯರ್. ಪ್ರಶ್ನೆಯ ಸರದಿ ಬಂದ ದಿನ ಕೇಳಿದವರು ಸದನದಲ್ಲಿ ಇಲ್ಲದಿದ್ದರೆ ಗರ್ಭ ಇಳಿದಿದೆ ಎಂದು ತಿಳಿಯಬಹುದು. ಇದರ ಅತ್ಯಂತ ನಾಚಿಕೆಗೇಡಿನ ಉಪಭೇದ ಸಿಕ್ಕಿಬಿದ್ದದ್ದು ದೆಹಲಿಯಲ್ಲಿ, 2005ರ ಡಿಸೆಂಬರ್‌ನಲ್ಲಿ. ಪ್ರಶ್ನೆ ಕೇಳುವುದಕ್ಕೆ ಹಣ ಪಡೆಯುತ್ತಿದ್ದುದು ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ, ಲೋಕಸಭೆಯ ಹತ್ತು ಮಂದಿ, ರಾಜ್ಯಸಭೆಯ ಒಬ್ಬರು, ಒಟ್ಟು 11 ಸಂಸದರು ಉಚ್ಚಾಟನೆಗೊಂಡರು.

ನಾಲ್ಕನೆಯದು ‘ಸೂಚೀಮುಖ’, ಸೂಜಿಮೊನೆಯಂಥದ್ದು. ಅಪರೂಪ. 1957ರಲ್ಲಿ ಲೋಕಸಭೆಯಲ್ಲಿ ಎಲ್‌ಐಸಿ ಹಣ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋದದ್ದರ ಬಗ್ಗೆ ಪ್ರಶ್ನೆ ಎದ್ದಾಗ ಸರ್ಕಾರದ ಮೊದಲ ಉತ್ತರ ಜಾರುಗುಪ್ಪೆಯಾಟವಾಗಿತ್ತು. ಡಿಸೆಂಬರ್‌ನಲ್ಲಿ ಆಡಳಿತ ಪಕ್ಷದವರೇ ಆದ, ಪ್ರಧಾನಿಯ ಅಳಿಯನೂ ಆದ ಫಿರೋಜ್ ಗಾಂಧಿ ವಿಷಯವನ್ನು ಬಿಡದೆ ಹಿಡಿದರು. ತನಿಖೆಗೆ ಛಾಗ್ಲಾ ಆಯೋಗ ಬಂತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಂದಿನಿಂದ ಬಲ ಕಾಲಂ ಬರೆಯುವವರು ಬಹಳ ಎಚ್ಚರ ಕಲಿತಿದ್ದಾರೆ.

ಆ ಎಚ್ಚರವೇ ಉತ್ತರಭೇದಗಳ ತಾಯಿ. ಅವುಗಳಲ್ಲಿ ಶ್ರೇಷ್ಠವಾದದ್ದು ‘ಅನುದ್ಭವ’. ಇದರ ರಚನಾತಂತ್ರ ಹೀಗೆ. ಎಡಗಡೆ ‘ಅ’ದಲ್ಲಿ: ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಆ’ದಲ್ಲಿ: ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ‘ಇ’ಯಲ್ಲಿ: ತಪ್ಪಿತಸ್ಥರು ಯಾರು? ‘ಈ’ಯಲ್ಲಿ: ಯಾವ ಕಾಲಮಿತಿಯಲ್ಲಿ ಸರಿಪಡಿಸಲಾಗುವುದು? ಬಲಗಡೆ ‘ಅ’ದ ಎದುರು ‘ಬಂದಿರುವುದಿಲ್ಲ’ ಎಂದು ಬರೆದರೆ ಸಾಕು. ಉಳಿದ ಮೂರರ ಎದುರಿಗೂ ‘ಉದ್ಭವಿಸುವುದಿಲ್ಲ’. ಒಂದು ನಕಾರದಿಂದ ನಾಲ್ಕು ಮನೆ ತುಂಬಿತು.

ಇದರ ಪರಮಾವಧಿ ಕಂಡದ್ದು 2020ರ ಸೆಪ್ಟೆಂಬರ್‌ನಲ್ಲಿ. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರು ದಾರಿಯಲ್ಲಿ ಸತ್ತದ್ದರ ಬಗ್ಗೆ, ಅವರ ಕುಟುಂಬಗಳಿಗೆ ಪರಿಹಾರದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಹೇಳಿತು. ಆದ ಕಾರಣ ಪರಿಹಾರದ ಪ್ರಶ್ನೆಯೂ ಉದ್ಭವಿಸಲಿಲ್ಲ. ಅದೇ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು, ಉಳಿದದ್ದು ಲಿಖಿತ ಉತ್ತರವೊಂದೇ. ಮರುವರ್ಷದ ಜುಲೈನಲ್ಲಿ ಆಮ್ಲಜನಕದ ಕೊರತೆಯಿಂದ ಸತ್ತವರೆಷ್ಟು ಎಂಬುದಕ್ಕೆ ರಾಜ್ಯಸಭೆಗೆ ಬಂದ ಉತ್ತರ, ರಾಜ್ಯಗಳಿಂದ ಅಂಥ ಸಾವುಗಳು ನಿರ್ದಿಷ್ಟವಾಗಿ ವರದಿಯಾಗಿಲ್ಲ ಎಂದು. ಅದಕ್ಕೆ ಎರಡು ತಿಂಗಳ ಹಿಂದೆ, ಮೇ ತಿಂಗಳ ಮೊದಲ ವಾರ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತಿದ್ದರು. ಆಮ್ಲಜನಕ ಸಿಗದೇ ಸಾವು ಸಂಭವಿಸಿತೆಂದು ಹೈಕೋರ್ಟ್ ನೇಮಿಸಿದ ಸಮಿತಿಯೇ ಹೇಳಿತ್ತು. ರಾಜ್ಯಗಳು ವರದಿ ಮಾಡಿರಲಿಲ್ಲ, ಕೇಂದ್ರ ಅದುವರೆಗೆ ಕೇಳಿರಲಿಲ್ಲ, ಉತ್ತರದ ಒಕ್ಕಣೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ಲಕ್ಷಣಶಾಸ್ತ್ರ ಬರೆಯುವವನು ಇಂಥ ಕಡೆ ನಗಲು ಹೋಗಬಾರದು.

ಮುಂದಿನದು ‘ಪರಾಯತ್ತ’: ಇದು ನಮ್ಮ ಇಲಾಖೆಗೆ ಸಂಬಂಧಿಸಿರುವುದಿಲ್ಲ. ಈ ಭೇದ ಅತ್ಯಂತ ಸೊಗಸಾಗಿ ಅರಳುವುದು ಕೆರೆಯ ದಂಡೆಯ ಮೇಲೆ. ಶಾಸಕರೊಬ್ಬರು ಊರ ಕೆರೆ ಹಾಳಾಗಿದೆ ಎಂದು ಕೇಳಿದರೆಂದು ಇಟ್ಟುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರ್‌ವರೆಗೆ ಇದ್ದರೆ ಆ ಕೆರೆ ಪಂಚಾಯತ್ ರಾಜ್ ಕಡೆಯದು. 40ರಿಂದ 2,000 ಹೆಕ್ಟೇರ್ ತನಕ ಸಣ್ಣ ನೀರಾವರಿಯದು. ಅಂಗಳದ ಒತ್ತುವರಿ ಕಂದಾಯ ಇಲಾಖೆಗೆ, ಮೀನು ಮೀನುಗಾರಿಕೆಗೆ, ಬಂದು ಸೇರುವ ಕೊಳಚೆ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಏರಿಯ ಮೇಲಿನ ರಸ್ತೆ ಯಾರು ಹಾಕಿದರೋ ಅವರಿಗೆ. ಬೆಂಗಳೂರಿನ ಕೆರೆಯಾದರೆ ಇನ್ನೂ ಕೆಲವರು ಸೇರುತ್ತಾರೆ. ಸಣ್ಣ ನೀರಾವರಿ ಸಚಿವರನ್ನು ಕೇಳಿದ ಪ್ರಶ್ನೆ ಕಂದಾಯಕ್ಕೆ ವರ್ಗವಾಗಿ, ಅಲ್ಲಿಂದ ಗ್ರಾಮೀಣಾಭಿವೃದ್ಧಿಗೆ ಹೋಗಿ, ಅಷ್ಟರಲ್ಲಿ ಅಧಿವೇಶನ ಮುಗಿಯುತ್ತದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು ಕರ್ನಾಟಕದಲ್ಲಿ 2005ರ ಕಾಯ್ದೆಯೊಂದಿದೆ. ಅಷ್ಟು ದಿನ ನಡೆಯುವುದು ಅಪರೂಪವಾದ್ದರಿಂದ ಪರಾಯತ್ತ ಉತ್ತರಕ್ಕೆ ಕಾಲವೇ ಬೆಂಬಲ.

‘ನಿಧಿಸಾಪೇಕ್ಷ’ ಎಲ್ಲರಿಗೂ ಗೊತ್ತಿರುವುದೇ: ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು. ‘ಸಂಗ್ರಹ’ವೂ ಹಾಗೆಯೇ: ಮಾಹಿತಿಯನ್ನು ಕ್ರೋಡೀಕರಿಸಲಾಗುತ್ತಿದ್ದು ನಂತರ ಒದಗಿಸಲಾಗುವುದು. ‘ಪರಿಶೀಲನೆಯಲ್ಲಿದೆ’ ಎಂಬುದರ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಇಂಥ ಒಕ್ಕಣೆಗಳನ್ನು ವರ್ಗೀಕರಿಸುವ ಕೆಲಸದಲ್ಲಿ ನಾನು ಮೊದಲಿಗನಲ್ಲ. ಲೋಕಸಭೆಯಲ್ಲಿ 1953ರಿಂದಲೂ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ನಮ್ಮ ಸದನಗಳಲ್ಲೂ ಅಂಥವಿವೆ. ಯಾವ ಯಾವ ಮಾತು ಆಡಿದರೆ ಅದು ಭರವಸೆಯೆಂದು ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ದೆಹಲಿಯಲ್ಲಿ ಅಧಿಕೃತ ಪಟ್ಟಿಯೇ ಇದೆ. ‘ವಿಷಯ ಪರಿಶೀಲನೆಯಲ್ಲಿದೆ’ ಎಂಬುದೂ ಅದರಲ್ಲಿ ಸೇರಿದೆ. ಭರವಸೆ ಎಂದಾದ ಮೇಲೆ ಮೂರು ತಿಂಗಳಲ್ಲಿ ಈಡೇರಿಸಬೇಕು. ಹೀಗಾಗಿ ನುರಿತ ಶಾಖಾಧಿಕಾರಿ ಪರಿಶೀಲನೆಯ ಮಾತೆತ್ತುವುದಿಲ್ಲ. ‘ನಿಯಮಾನುಸಾರ ಕ್ರಮ ವಹಿಸುವುದು ನಿರಂತರ ಪ್ರಕ್ರಿಯೆಯಾಗಿರುತ್ತದೆ’ ಎನ್ನುತ್ತಾನೆ. ನಿರಂತರವಾದದ್ದಕ್ಕೆ ಮೂರು ತಿಂಗಳ ಗಡುವು ಹಾಕುವವರು ಯಾರು?

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಉತ್ತರಗಳ ಹಣೆಬರಹ ಇಷ್ಟೇ ಆದರೆ ಪ್ರಶ್ನೆ ಏಕೆ? ಸುಮ್ಮನೆ ಕಾಗದ ಖರ್ಚಲ್ಲವೇ?

ಸಮಾಧಾನಕ್ಕೆ ವಿಧಾನಸೌಧ ಬಿಟ್ಟು ಹಳ್ಳಿಯ ಶಾಲೆಗೆ ಹೋಗಬೇಕು. ಸರ್ಕಾರಿ ಶಾಲೆಗಳ ಶೌಚಾಲಯಗಳ ಬಗ್ಗೆ ಒಂದು ಎಲ್‌ಎಕ್ಯೂ ಬಂದಿದೆ ಎನ್ನಿ. ವಿಧಾನಸಭೆಯ ಪ್ರಶ್ನೆಗೆ ಇಲಾಖೆಗಳಲ್ಲಿ ಹಾಗೇ ಹೆಸರು, ಪರಿಷತ್ತಿನದಾದರೆ ಎಲ್‌ಸಿಕ್ಯೂ. ಸಚಿವಾಲಯದ ವಿಷಯ ನಿರ್ವಾಹಕರಿಂದ ಆಯುಕ್ತರ ಕಚೇರಿಗೆ, ಅಲ್ಲಿಂದ ಡಿಡಿಪಿಐಗೆ, ಡಿಡಿಪಿಐಯಿಂದ ಬಿಇಒಗೆ, ಬಿಇಒಯಿಂದ ಸಿಆರ್‌ಪಿಗೆ ಇಳಿದು, ಕಡೆಗೆ ಮುಖ್ಯ ಶಿಕ್ಷಕಿಯ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ: ‘ವಿಧಾನಸಭೆ ಪ್ರಶ್ನೆ. ಅತಿ ಜರೂರು. ಲಗತ್ತಿಸಿದ ನಮೂನೆಯಲ್ಲಿ ಇಂದು ಮಧ್ಯಾಹ್ನ 2 ಗಂಟೆಯೊಳಗೆ. ಮಾಹಿತಿ ಇಲ್ಲದಿದ್ದಲ್ಲಿ ಶೂನ್ಯ ಎಂದು ನಮೂದಿಸುವುದು.’ ಆಕೆ ಐದನೇ ತರಗತಿಗೆ ಲೆಕ್ಕ ಬರೆಯಲು ಕೊಟ್ಟು ಹೊರಗೆ ಬರುತ್ತಾರೆ. ಹೆಣ್ಣುಮಕ್ಕಳ ಶೌಚಾಲಯ ಎರಡು. ಒಂದಕ್ಕೆ ಬಾಗಿಲಿಲ್ಲ, ಇನ್ನೊಂದರೊಳಗೆ ಹಳೆಯ ಬೆಂಚು ತುಂಬಿದೆ. ನಮೂನೆಯಲ್ಲಿ ಎರಡೇ ಕಾಲಂ: ಇರುವ ಸಂಖ್ಯೆ, ಬಳಕೆಯಲ್ಲಿರುವ ಸಂಖ್ಯೆ. ಆಕೆ 2 ಎಂದೂ ಪಕ್ಕದಲ್ಲಿ 0 ಎಂದೂ ಬರೆದು ಕಳಿಸುತ್ತಾರೆ. ಯಾರೂ ಓದುವುದಿಲ್ಲ ಎಂಬ ನಂಬಿಕೆಯಲ್ಲಿ ನಿಜ ಬರೆದ ಆ ಸೊನ್ನೆ ಬಂದ ದಾರಿಯಲ್ಲೇ ಮೇಲೇರಿ ಬೆಂಗಳೂರು ಸೇರುತ್ತದೆ.

ಅದು ಬಂದು ಕೂರುವ ಜಾಗವೇ ‘ಅನುಬಂಧ’, ಉತ್ತರಭೇದಗಳಲ್ಲಿ ಕಡೆಯದು, ನನ್ನ ಮಟ್ಟಿಗೆ ಉತ್ತಮೋತ್ತಮ. ಬಲ ಕಾಲಂನಲ್ಲಿ ‘ವಿವರಗಳನ್ನು ಅನುಬಂಧ-1ರಲ್ಲಿ ಒದಗಿಸಿದೆ’ ಎಂದಷ್ಟೇ ಇರುತ್ತದೆ. ಉತ್ತರವನ್ನು ಕೆಳಗಿನವರು ಬರೆದು ಮೇಲಿನವರು ತಿದ್ದುತ್ತಾರೆ. ನಲವತ್ತು ಪುಟದ ತಾಲ್ಲೂಕುವಾರು ಪಟ್ಟಿಯನ್ನು ತಿದ್ದುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ‘ಎಲ್ಲ ಶಾಲೆಗಳಿಗೂ ಹಂತ ಹಂತವಾಗಿ ಮೂಲಸೌಕರ್ಯ ಕಲ್ಪಿಸಲಾಗಿದೆ’ ಎಂಬ ವಾಕ್ಯದ ಬೆನ್ನಿಗೇ ಆ ಮಾತನ್ನು ಅಲ್ಲಗಳೆಯುವ ಸೊನ್ನೆಗಳ ಸಾಲು ಹೊಲಿಗೆ ಹಾಕಿಸಿಕೊಂಡು ಬರುತ್ತದೆ. ಪ್ರಶ್ನೆ ಬೀಳುವ ತನಕ ಅವನ್ನು ಯಾರೂ ಎಣಿಸಿರಲಿಲ್ಲ. ಎಣಿಸದೇ ಇದ್ದಾಗ ಏನಾಗುತ್ತದೆ ಎಂಬುದನ್ನು ಅನುದ್ಭವ ಪ್ರಕರಣದಲ್ಲಿ ನೋಡಿದೆವು.

ನಾವೇ ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎಂದು ಪೂರ್ವಪಕ್ಷಿ ಇನ್ನೊಮ್ಮೆ ಬಾಯಿ ಹಾಕಬಹುದು. ಕೇಳಬಹುದು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಒಳ್ಳೆಯ ಸಾಲೊಂದು 2005ರ ಆ ಕಾಯ್ದೆಯಲ್ಲಿತ್ತು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು ಬಂದ 2023ರ ಕಾಯ್ದೆ ಅದನ್ನು ತೆಗೆದುಹಾಕಿತು. ಹಾಗಾಗಿ ಶಾಸಕರ ಪ್ರಶ್ನೆಯ ಬೆಲೆ ಈಗ ಹೆಚ್ಚಿದೆ, ಶಾಸಕರಿಗೆ ಅದು ಗೊತ್ತಿರಲಿ ಬಿಡಲಿ.

ವಿಧಾನಸಭೆ, ವಿಧಾನ ಪರಿಷತ್ತುಗಳ ಪ್ರಶ್ನೋತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಕನ್ನಡದಲ್ಲೇ, ಪುಕ್ಕಟೆ ಸಿಗುತ್ತವೆ. ಓದುಗರು ತಮ್ಮ ಕ್ಷೇತ್ರದ ಶಾಸಕರ ಹೆಸರು ಹುಡುಕಿ, ಬಲ ಕಾಲಂ ಬಿಟ್ಟು ನೇರ ಅನುಬಂಧಕ್ಕೆ ಹೋಗಿ, ತಮ್ಮ ಊರಿನ ಎದುರು ಏನು ಬರೆದಿದೆ ನೋಡಿ. ಬಾಗಿಲಿಲ್ಲದ ಕಡೆ ಬಾಗಿಲಿದೆ ಎಂದಿದ್ದರೆ ಒಂದು ಫೋಟೊ ತೆಗೆದು ಶಾಸಕರಿಗೆ ಕೊಟ್ಟು ಬನ್ನಿ, ಮುಂದಿನ ಅಧಿವೇಶನಕ್ಕೆ ಇನ್ನೊಂದು ಪ್ರಶ್ನೆ ಹಾಕಲಿ. ಪ್ರಶ್ನೆಯನ್ನು ಹದಿನೈದು ದಿನ ಮೊದಲೇ ಕೊಡಬೇಕಾಗುತ್ತದೆ, ತಡ ಮಾಡಬೇಡಿ.