ಕೋಲು, ರೀಲು ಮತ್ತು ಒಂದು ಚಿಟಿಕೆ ಹತ್ತಿ

ಬಾಸ್ ಎಂಬ ಮೀನು ನಮ್ಮ ಆದೋನಿಯ ಸುತ್ತಮುತ್ತ ಎಲ್ಲೂ ಇಲ್ಲ. ಅದನ್ನು ಹಿಡಿಯುವುದಕ್ಕೆ ಬೇಕಾದ ಕೋಲು, ರೀಲು, ದಾರ ಮಾತ್ರ ನಮ್ಮ ಮನೆಯ ಅಟ್ಟದ ಮೇಲೆ ಭದ್ರವಾಗಿವೆ. ಇಲ್ಲದ ಮೀನಿಗೆ ಇಷ್ಟೊಂದು ಸರಂಜಾಮು ಯಾಕಪ್ಪಾ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ: ಕೊರಮೀನು.

ಅಮೆರಿಕದ ಬಾಸ್‌ಗೂ ನಮ್ಮ ಕೊರಮೀನಿಗೂ ಕುಲ ಬೇರೆ, ಬುದ್ಧಿ ಒಂದೇ. ಎರಡೂ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಕೂರುತ್ತವೆ. ತಲೆಯ ಮೇಲೆ ಕಪ್ಪೆ ಹಾದುಹೋದರೆ ತಡೆದುಕೊಳ್ಳಲಾರವು. ಬಾಸ್‌ಗೆಂದು ಅಲ್ಲಿನವರು ಟೊಳ್ಳು ರಬ್ಬರಿನ ಕಪ್ಪೆ ಮಾಡಿದ್ದಾರೆ. ಅದರ ಎರಡು ಕೊಕ್ಕೆಗಳೂ ಬೆನ್ನಿಗೆ ಅಂಟಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳದೆ ಜಾರಿಕೊಂಡು ಬರುತ್ತದೆ. ಕೊರಮೀನು ಅದನ್ನು ನೋಡಿ, ತನಗೆಂದೇ ತರಿಸಿದ್ದಾರೆ ಎಂದುಕೊಂಡು ಎರಗುತ್ತದೆ. ಉಸಿರಾಡಲು ಆಗಾಗ ನೀರಿನ ಮೇಲೆ ಬಂದು ಗುಳುಂ ಎಂದು ಗಾಳಿ ನುಂಗುವ ಮೀನು ಇದು. ಆ ಗುಳುಂ ಕೇಳಿಸಿದ ಮೇಲೆ ಗಾಳದವನಿಗೆ ಊಟ ರುಚಿಸುವುದಿಲ್ಲ.

ಬಾಸ್‌ನವರ ಅಭಿಮಾನ ಮಾತ್ರ ಬೇರೆಯೇ ತೂಕದ್ದು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್ ಇತ್ತಂತೆ, ನಮ್ಮ ಲೆಕ್ಕದಲ್ಲಿ 10 ಕಿಲೋ ಮೇಲೆ ಚಿಲ್ಲರೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕಿಂತ ಔನ್ಸಿನಷ್ಟು ಹೆಚ್ಚೇ ತೂಗಿತು. ಎರಡು ಔನ್ಸಾದರೂ ಹೆಚ್ಚಿಲ್ಲದಿದ್ದರೆ ದಾಖಲೆ ಮುರಿದಂತಲ್ಲ ಎಂಬ ನಿಯಮ ಮುಂದಿಟ್ಟು, ಇಬ್ಬರೂ ಸಮ ಎಂದು ಬರೆದುಕೊಂಡರು. ಇಂಥ ತಕ್ಕಡಿಯ ಕಸರತ್ತಿಗೆ ತಲೆದೂಗುವವರು ನಮ್ಮ ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇಲ್ಲಿ ಗಾಳ ಹಾಕುವುದಕ್ಕೆ ಮೊದಲು ಬೇಕಾದದ್ದು ನೀರು. ತುಂಗಭದ್ರೆಯ ಎಲ್ಲೆಲ್ಸಿ ಕಾಲುವೆಗೆ ನೀರು ಬಿಟ್ಟಾಗ ನಮಗೆ ಹಬ್ಬ, ಬಂದ್ ಮಾಡಿದಾಗ ಏಕಾದಶಿ. ಹಂದ್ರಿಯ ಗಾಜುಲದಿನ್ನೆ ಡ್ಯಾಮು ಇದೆ, ಕೌತಾಳಂ ಆಚೆ ಹೊಳೆಯೇ ಇದೆ. ಕೆರೆಯಾದರೆ ಗುತ್ತಿಗೆ ಹಿಡಿದ ಸಂಘದವರನ್ನು ಕೇಳಿಕೊಂಡೇ ಕೂರಬೇಕು. ಮಂತ್ರಾಲಯದ ಸ್ನಾನಘಟ್ಟದ ಹತ್ತಿರವಂತೂ ಬೇಡವೇ ಬೇಡ; ರಾಯರ ಎದುರು ಗಾಳ ಹಿಡಿದು ನಿಲ್ಲುವಷ್ಟು ಧೈರ್ಯ ನನಗಿಲ್ಲ. 1953ರವರೆಗೆ ನಾವು ಬಳ್ಳಾರಿ ಜಿಲ್ಲೆಯವರು, ಆಮೇಲೆ ಆಂಧ್ರದವರಾದೆವು. ಕೊರಮೀನಿಗೆ ಈ ವಿಷಯವನ್ನು ಯಾರೂ ತಿಳಿಸಿದಂತಿಲ್ಲ. ಅದು ಗಡಿಯ ಎರಡೂ ಕಡೆಯ ನೀರಿನಲ್ಲಿ ಮೊದಲಿನಂತೆಯೇ ಸಂಸಾರ ನಡೆಸಿದೆ.

ಕೋಲಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಉಪದೇಶ ಮಾಡುವುದು ಕಷ್ಟ. ದಸರೆಯ ರಾತ್ರಿ ಹೊಳಗುಂದದ ಹತ್ತಿರ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಬಡಿಗೆ ಹಿಡಿದು ಬಡಿದಾಡುವ ಸೀಮೆ ಇದು. ಆ ಬಡಿಗೆಗೆ ಕಬ್ಬಿಣದ ಬಳೆ ತೊಡಿಸುತ್ತಾರೆ. ನನ್ನ ರಾಡಿಗೂ ಬಳೆಗಳಿರುವುದನ್ನು ಕಂಡ ಪಕ್ಕದ ಮನೆಯ ಹಿರಿಯರು ಅದನ್ನು ಕೈಯಲ್ಲಿ ಹಿಡಿದು ಎರಡು ಸಲ ಬೀಸಿ ನೋಡಿ, "ಇದರಿಂದ ಯಾರ ತಲೆನೂ ಒಡೆಯಂಗಿಲ್ಲ ಬಿಡಪ್ಪ" ಎಂದು ಬೇಸರದಿಂದ ವಾಪಸು ಕೊಟ್ಟರು.

ತಲೆ ಒಡೆಯದಿದ್ದರೂ ಅದಕ್ಕೆ ಬೇರೆ ಗುಣಗಳಿವೆ. ಕೋಲು ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದು ಒಂದು, ಎಲ್ಲಿ ಬಾಗುತ್ತದೆ ಎಂಬುದು ಇನ್ನೊಂದು. ಕಪ್ಪೆ ಎಸೆದು ಕೊರಮೀನು ಎಳೆಯುವವನಿಗೆ ತುದಿಯಲ್ಲಿ ಮಾತ್ರ ಬಾಗಿ, ನಡುವಿನಿಂದ ಕೆಳಗೆ ಗಟ್ಟಿಯಾಗಿ ನಿಲ್ಲುವ ಏಳಡಿಯ ಮೀಡಿಯಂ ಹೆವಿ ಬೇಕು. ಕಚ್ಚಿದ ಮೀನು ಜೊಂಡಿಗೆ ಸುತ್ತಿಕೊಳ್ಳುವ ಮೊದಲೇ ಎತ್ತಿಬಿಡಬೇಕಲ್ಲ. ಕಾರ್ಬನ್ ಕೋಲು ಹಗುರ, ಮೀನು ಮೂಸಿದರೂ ಅಂಗೈಗೆ ಗೊತ್ತಾಗುತ್ತದೆ. ಆದರೆ ಬಸ್ಸಿನ ಬಾಗಿಲಿಗೆ ಒಂದು ಸಲ ತಾಗಿದರೂ ಒಳಗೊಳಗೇ ಸೀಳಿಕೊಂಡು, ಮುಂದೆಂದೋ ದೊಡ್ಡ ಮೀನು ಬಂದಾಗ ಸೇಡು ತೀರಿಸಿಕೊಳ್ಳುತ್ತದೆ. ಫೈಬರ್‌ಗ್ಲಾಸ್ ದಪ್ಪ ಚರ್ಮದ್ದು, ಬೈಸಿಕೊಂಡೂ ಬಾಳುತ್ತದೆ. ಬಸ್ಸಿನಲ್ಲಿ ತಿರುಗುವ ನನ್ನಂಥವರಿಗೆ ಎರಡು ತುಂಡಾಗಿ ಬಿಚ್ಚುವ ಕೋಲೇ ಸರಿ. ಕಂಡಕ್ಟರು ಟೀವಿ ಆಂಟೆನಾ ಎಂದುಕೊಂಡು ಸುಮ್ಮನಿರುತ್ತಾನೆ.

ಗಾಳದ ವಿದ್ಯೆಯಲ್ಲಿ ಓದಿಗೂ ಕೊರತೆಯಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ 'ದಿ ರಾಡ್ ಇನ್ ಇಂಡಿಯಾ' ಎಂಬ ದಪ್ಪ ಪುಸ್ತಕವನ್ನು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಸಾಲದೆಂದು ಕೆರೆಗಳಲ್ಲಿ ಗಾಳ ಹಾಕುವುದರ ಮೇಲೆ ಇನ್ನೊಂದು ಪುಸ್ತಕ ಬರೆದ. ಆಗಿನ ಜಮಾಬಂದಿ ಕೆಲಸ ಯಾರು ನೋಡಿಕೊಳ್ಳುತ್ತಿದ್ದರೋ. ರೀಲಿನ ಕಡೆ ಬಂದರೆ, ಸುತ್ತುವಾಗ ದಾರವನ್ನು ಅತ್ತಿಂದಿತ್ತ ಸಮನಾಗಿ ಹರಡುವ ರೀಲಿನಿಂದ ಹೆಸರು ಮಾಡಿ, 1897ರಲ್ಲಿ ಮಿಶಿಗನ್ನಿನ ಕಲಮಜೂ ಎಂಬ ಊರಿನಲ್ಲಿ ಕಂಪನಿ ಕಟ್ಟಿದವನ ಹೆಸರು ವಿಲಿಯಂ ಷೇಕ್ಸ್‌ಪಿಯರ್. ನಾಟಕದವನಲ್ಲ, ಈತನ ದುರಂತಗಳಲ್ಲಿ ಸಾಯುವುದು ಮೀನು ಮಾತ್ರ. ಆ ಜಾತಿಯ ರೀಲಿನಲ್ಲಿ ಎಸೆಯುವಾಗ ಉರುಳೆಯೇ ತಿರುಗುತ್ತದೆ, ಹೆಬ್ಬೆರಳೇ ಬ್ರೇಕು. ದಾರ ಹೊರಹೋಗುವುದಕ್ಕಿಂತ ಉರುಳೆ ಜೋರಾಗಿ ತಿರುಗಿತೋ, ನಿಮಿಷದಲ್ಲಿ ಗೀಜಗನ ಗೂಡು. ಹರಿಗೋಲಿನಲ್ಲಿ ಕೂತು ಎಸೆಯುವವರು ಇದನ್ನು ಮುಟ್ಟಬಾರದು: ಎಸೆತದ ರಭಸಕ್ಕೆ ಹರಿಗೋಲೂ ತಿರುಗುತ್ತದೆ, ಗೂಡು ಬಿಡಿಸಿ ತಲೆ ಎತ್ತಿದಾಗ ಊರು ಯಾವ ಕಡೆ ಇತ್ತೆಂಬುದೇ ಮರೆತಿರುತ್ತದೆ. ಉರುಳೆ ಅಲುಗಾಡದೆ ಕೂತು ದಾರ ಬಿಡುವ ಸ್ಪಿನ್ನಿಂಗ್ ರೀಲು ಸಂಸಾರಸ್ಥರಿಗೆ ಹೊಂದುತ್ತದೆ.

ದಾರದ ಪರೀಕ್ಷೆಗೆ ನನ್ನ ಹತ್ತಿ ದಲ್ಲಾಳಿ ಮಿತ್ರನಷ್ಟು ಯೋಗ್ಯರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು, ನನ್ನ ಹಳೇ ನೈಲಾನ್ ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಹತ್ತಿಯ ಎಳೆ ಎಷ್ಟುದ್ದ ಎಂದು ನೋಡುವಂತೆಯೇ ಮೆಲ್ಲಗೆ ಎಳೆದ. ಅದು ರಬ್ಬರಿನಂತೆ ಉದ್ದವಾಯಿತು. "ಮಾಲು ಹಿಂಗೆ ಎಳದ್ರೆ ಹಂಗೆ ಬರ್ತೈತಲ್ಲ" ಎಂದ. ನಿಜವೇ. ನೈಲಾನ್ ಹಿಗ್ಗುತ್ತದೆ, ನೀರು ಕುಡಿದರೆ ಶಕ್ತಿ ಕುಂದುತ್ತದೆ, ಬಿಸಿಲಿಗೆ ಒಣಗಿ ಪೆಡಸಾಗುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣಿಸುವುದೇ ಕಡಿಮೆ, ಆದರೆ ಮುಳುಗುತ್ತದೆ. ತೇಲುವ ಕಪ್ಪೆಯ ಮೂಗನ್ನು ಕೆಳಗೆ ಜಗ್ಗುತ್ತದೆ. ಹೆಣೆದ ದಾರ ತೆಳು, ಹಿಗ್ಗುವುದಿಲ್ಲ, ತೇಲುತ್ತದೆ, ಜೊಂಡನ್ನೇ ಕೊಯ್ದುಕೊಂಡು ಬರುತ್ತದೆ. ಬರಿಯ ಉರುಳೆಗೆ ಸುತ್ತಿದರೆ ಜಾರಿ ಗಿರಗಿರನೆ ತಿರುಗುತ್ತದೆ ಎಂಬುದೊಂದೇ ದೋಷ. ಅಡಿಯಲ್ಲಿ ನಾಲ್ಕು ಸುತ್ತು ನೈಲಾನ್ ಇದ್ದರೆ ಅದೂ ಇಲ್ಲ.

ಇವುಗಳಲ್ಲಿ ಯಾವುದಕ್ಕೂ ಹತ್ತಿ ಬೇಡವೇ ಎಂದು ಆತ ಕೇಳಿದ. ಹಿಂದೆ ರೇಷ್ಮೆ, ನಾರಗಸೆಯ ದಾರ ಇದ್ದವು, 1935ರಲ್ಲಿ ಡ್ಯೂಪಾಂಟ್ ಕಂಪನಿಯ ಕರೋದರ್ಸ್ ನೈಲಾನ್ ತಯಾರಿಸಿದ ಮೇಲೆ ಎಲ್ಲ ಮೂಲೆ ಸೇರಿದವು ಎಂದೆ. ಅವನ ಮುಖ ಸಪ್ಪಗಾಯಿತು. "ಇಡೀ ಆದೋನಿ ಹತ್ತಿ ಮೇಲೆ ನಿಂತೈತೆ, ನಿನ್ನ ಮೀನಿಗೆ ಮಾತ್ರ ಯಾತಕ್ಕೂ ಬರಂಗಿಲ್ಲೇನು?"

ಬರುತ್ತದೆ. ಅದನ್ನು ತೋರಿಸುವುದಕ್ಕೆ ಅವನ ಅಂಗಡಿಯ ಅಂಡಿಗೆಯಿಂದಲೇ ಒಂದು ಚಿಟಿಕೆ ಹತ್ತಿ ಕಿತ್ತುಕೊಂಡೆ. ಕೋಲಿನ ಬಳೆಗಳ ಒಳಗೆ ಪಿಂಗಾಣಿಯ ತೆಳು ಉಂಗುರ ಇರುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ದಾರ ಪ್ರತಿ ಎಸೆತಕ್ಕೂ ಉಜ್ಜಿ ಸವೆಯುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಹತ್ತಿಯನ್ನು ಬಳೆಯೊಳಗೆ ಒಂದು ಸುತ್ತು ತಿರುಗಿಸಿದರೆ ಬಿರುಕು ಎಳೆಯನ್ನು ಹಿಡಿದುಕೊಳ್ಳುತ್ತದೆ. ಮಿತ್ರ ಕನ್ನಡಕ ಏರಿಸಿ ಒಂದೊಂದೇ ಬಳೆಗೆ ಹತ್ತಿ ಹಾಯಿಸುತ್ತ ಹೋದ. ತುದಿಯ ಬಳೆಯಲ್ಲಿ ಬಿಳಿ ಎಳೆಯೊಂದು ಸಿಕ್ಕಿ ಗಾಳಿಗೆ ಅಲುಗಿತು. ಹತ್ತಿಯ ಮಾನ ಉಳಿಯಿತು.

ಉಳಿದ ಆರೈಕೆ ನಮ್ಮ ಹವಾಮಾನದೊಡನೆ ನಡೆಸುವ ಜಗಳ. ಮೇ ತಿಂಗಳ ಬಿಸಿಲಿಗೆ ಕಾರಿನಲ್ಲಿ ರಾಡು ಬಿಡಬಾರದು. ಎರೆ ಹೊಲದ ಧೂಳು ರೀಲಿನ ಸಂದಿಗೆ ಹೊಕ್ಕರೆ ಹಿಡಿಕೆ ತಿರುಗಿಸಿದಾಗ ಗಿರಣಿಯ ಸದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಒಂದೇ ತೊಟ್ಟು. ಶೇಂಗಾ ಎಣ್ಣೆ ಹಾಕು ಎನ್ನುವ ಹಿತೈಷಿಗಳು ಈ ಊರಿನಲ್ಲಿ ಬಹಳ. ಅದು ದಿನ ಕಳೆದಂತೆ ಅಂಟಾಗುತ್ತದೆ, ಇರುವೆಗಳಿಗೆ ಸುದ್ದಿ ಮುಟ್ಟುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ವಾಸಿ. ಮನೆಗೆ ಬಂದೊಡನೆ ಡ್ರ್ಯಾಗಿನ ತಿರುಪು ಸಡಿಲ ಮಾಡಬೇಕು, ಇಲ್ಲದಿದ್ದರೆ ಒಳಗಿನ ವಾಷರುಗಳು ಒತ್ತಿ ಚಪ್ಪಟೆಯಾಗಿ, ಮೀನು ಎಳೆದಾಗ ದಾರ ಬಿಡುವುದನ್ನೇ ಮರೆಯುತ್ತವೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಬೇಕು, ಒಣ ಗಂಟು ಉಜ್ಜಿ ಕಾವು ಏರಿ ಅಲ್ಲೇ ಸೀಯುತ್ತದೆ. ಮಡಿಯವರು ಬೇಕಾದರೆ ನೀರು ಬಳಸಲಿ.

ಬಿರುಕು ಬಿಟ್ಟ ತುದಿಯ ಬಳೆ ಬದಲಿಸಲು ಅಕ್ಕಸಾಲಿಗರ ಹತ್ತಿರ ಹೋದೆವು. ಅಂಟು ಮೆತ್ತಗಾಗುವಷ್ಟೇ ಶಾಖ ಕೊಡಬೇಕು, ಹೆಚ್ಚಾದರೆ ಕಾರ್ಬನ್ನೇ ಕೆಡುತ್ತದೆ. ಚಿನ್ನದ ಎಳೆಗೆ ಬೆಸುಗೆ ಹಾಕುವವರಿಗೆ ಇದೇನು ದೊಡ್ಡದು? ಊದುಗೊಳವೆಯಲ್ಲಿ ಎರಡು ಉಸಿರು ಊದಿ, ಚಿಮಟದಿಂದ ಹಳೇ ಬಳೆ ಎಳೆದು, ನಾನು ಒಯ್ದ ಹೊಸದನ್ನು ಉಳಿದ ಬಳೆಗಳ ನೇರಕ್ಕೆ ಒಂದು ಕಣ್ಣು ಮುಚ್ಚಿ ನೋಡಿ ಕೂರಿಸಿದರು. ಆಮೇಲೆ ಅಭ್ಯಾಸಬಲದಿಂದ ಹಳೆಯದನ್ನು ಪುಟ್ಟ ತಕ್ಕಡಿಗೆ ಹಾಕಿದರು.

"ತೇಮಾನು ಎಷ್ಟು ಹಿಡೀಲಿ?" ಎಂದು ಕೇಳಿದರು.

ನಾನು ಬಾಯಿ ತೆಗೆಯುವ ಮೊದಲೇ ದಲ್ಲಾಳಿ ಮಿತ್ರ ಚೌಕಾಶಿಗೆ ಕೂತಿದ್ದ.