ಡ್ಯಾಶ್‌ಬೋರ್ಡ್ ಧಣಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲೊಂದು ಬಾಡಿಗೆ ಕೋಣೆ, ಗೋಡೆಗೆ 55 ಇಂಚಿನ ಟೀವಿ, ಟೀವಿ ತುಂಬಾ ಏರಿಳಿಯುವ ಗೆರೆಗಳು ಕಂಡರೆ ಅಲ್ಲಿ ಡ್ಯಾಶ್‌ಬೋರ್ಡ್ ಧಣಿ ಇದ್ದಾನೆಂದೇ ತಿಳಿಯಿರಿ. ಊರಲ್ಲೇ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಪರರ ಗ್ರಾಫ್ ಏರಿಸಿ, ಈಗ ಸ್ವಂತದ್ದು ಏರಿಸಲು ಮರಳಿದವನು. ಕಸುಬು, ಆ್ಯಪ್ ಒತ್ತಿದರೆ ಮನೆ ಬಾಗಿಲಿಗೆ ಮಂಡಕ್ಕಿ-ಮೆಣಸಿನಕಾಯಿ.

2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಸೇರಿದ ಊರಿಗೂ ಇಷ್ಟು ಬಣ್ಣದ ಪರದೆ ಬೇಕಾಗಲಿಕ್ಕಿಲ್ಲ. ಗಿರಾಕಿಗಳಿಗಿಂತ ಗ್ರಾಫುಗಳೇ ಹೆಚ್ಚು. ಮೊನ್ನೆ 'ಹರಿಹರ ಮಾರ್ಕೆಟ್' ಒಂದೇ ದಿನಕ್ಕೆ 100 ಪರ್ಸೆಂಟ್ ಬೆಳೆಯಿತು: ಮಾವನವರ ಜೊತೆ ಅತ್ತೆಯೂ ಆ್ಯಪ್ ಹಾಕಿಸಿಕೊಂಡಿದ್ದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕಾಲಿಟ್ಟ ಮೇಲೆ ಹರಿಹರ ಕಂಡ ದೊಡ್ಡ ಉದ್ಯಮ ತನ್ನದೇ ಎಂದು ಧಣಿ ಸಂಜೆಯೇ ಘೋಷಿಸಿದ.

ರಾತ್ರಿ ಮಾವನವರ ಫೋನು. "ಅಳಿಯಂದ್ರೇ, ಮಂಡಕ್ಕಿ ಮೆತ್ತಗಾಗೈತ್ರಿ."

"ಹೌದೇನ್ರಿ ಮಾವ? ಇಲ್ಲಿ ಎಲ್ಲಾ ಹಸಿರೇ ತೋರಿಸ್ತೈತಲ್ರಿ!"

ಅಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಒಮ್ಮೆ ಟೀವಿ ಮುಂದೆ ನಿಂತು ಕೇಳಿದರು: "ಲೇ ತಮ್ಮಾ, ರೇಟ್ ಬಿದ್ರೆ ನಾನು ನಾಳೆ ಖರೀದಿ ನಿಲ್ಲಿಸ್ತೀನಿ. ನಿನ್ನ ಈ ಕೆಂಪು ಗೆರೆ ಬಿದ್ರೆ ನೀ ಏನ್ ಮಾಡ್ತಿ?"

"ಬಣ್ಣ ಬದಲಾಯಿಸ್ತೀನಪ್ಪಾ."

ಅಪ್ಪನ ಪ್ರಶ್ನೆಯಲ್ಲೇ ದಂಧೆಯ ಗುಟ್ಟಿದೆ. ನಾಳೆಯ ಕೆಲಸ ಬದಲಿಸದ ಅಂಕಿ ಗೋಡೆಯ ಅಲಂಕಾರ. ಗಿರಾಕಿಗಳ ಹೆಸರು ಬಾಯಿಪಾಠ ಇರುವ ತನಕ ಒಂದು ನೋಟ್‌ಬುಕ್ಕು ಸಾಕು. ಅದರಲ್ಲಿ ಮೂರೇ ಲೆಕ್ಕ: ಎರಡನೇ ಸಲ ತರಿಸಿದವರೆಷ್ಟು, ಒಂದು ಪೊಟ್ಟಣ ಮುಟ್ಟಿಸಲು ಆಗುವ ಖರ್ಚೆಷ್ಟು, ಕೈಯಲ್ಲಿರುವ ದುಡ್ಡು ಇನ್ನೆಷ್ಟು ತಿಂಗಳು. ಆರ್ಡರ್‌ಗಳು ದಿನಕ್ಕೆ ನೂರು ದಾಟಿ, ಹುಡುಗರು ಒಂದೇ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡತೊಡಗಿದಾಗ ಡ್ಯಾಶ್‌ಬೋರ್ಡ್ ಬರಲಿ, ಬೇಡವೆಂದವರಾರು?

ಅಲ್ಲಿಯವರೆಗೆ, ಧಣಿಗಳೇ, ಟೀವಿಯನ್ನು ಮನೆಗೆ ಕಳಿಸಿ ಅಮ್ಮನಿಗೆ ಧಾರಾವಾಹಿ ನೋಡಲು ಬಿಡಿ. ನೀವು ಮೊದಲು ಹರಿಹರ ಮುಟ್ಟುವವರೆಗೆ ಮಂಡಕ್ಕಿ ಗರಿಗರಿಯಾಗಿರುವಂತೆ ಪೊಟ್ಟಣ ಕಟ್ಟುವುದನ್ನು ಕಲಿಯಿರಿ.